ಹಡಗು ಕೆಟ್ಟಾಗ ಕೈಯಲ್ಲಿರಬೇಕಾದ ಕಾಗದ

ಕಳೆದ ತಿಂಗಳು ಜುಮಾ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ಒಬ್ಬ ತಂದೆ ನನ್ನ ಬಳಿ ಬಂದು ಕುಳಿತರು. ಮಗನಿಗೆ ಕ್ರೂಸ್ ಹಡಗೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ. ಹಡಗಿನಲ್ಲಿ ಕಿಬ್ಲಾ ಹೇಗೆ ಗೊತ್ತು ಮಾಡಿಕೊಳ್ಳಬೇಕು, ಕಸ್ರ್ ಮಾಡಬೇಕೇ ಎಂದೆಲ್ಲ ಕೇಳಿ ತಿಳಿದುಕೊಂಡರು. ಎದ್ದು ಹೊರಡುವಾಗ ಮಾತ್ರ ಮನಸ್ಸಿನಲ್ಲಿದ್ದ ನಿಜವಾದ ಆತಂಕ ಹೊರಬಂತು. "ಉಸ್ತಾದ್, ಹಡಗು ಹತ್ತಿದ ಮೇಲೆ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುತ್ತಾರಂತೆ. ನಡುಗಡಲಲ್ಲಿ ಹಡಗಿಗೆ ಏನಾದರೂ ಆಗಿ ಯಾವುದೋ ಊರಿನ ದಡ ಸೇರಿದರೆ, ಇವನು ಯಾರು, ಎಲ್ಲಿಯವನು ಎಂದು ಹೇಳುವವರು ಯಾರು?"

ಆ ಪ್ರಶ್ನೆಗೆ ಅಂದು ಅರ್ಧ ಉತ್ತರವನ್ನಷ್ಟೇ ಕೊಡಲು ಸಾಧ್ಯವಾಯಿತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳಿಂದ ಹಡಗಿನ ಕೆಲಸಕ್ಕೆ ಹೋಗುವ ಯುವಕರು ಹೆಚ್ಚುತ್ತಿದ್ದಾರೆ. ರಜೆಯಲ್ಲಿ ಕುಟುಂಬ ಸಮೇತ ಕ್ರೂಸ್ ಪ್ರವಾಸಕ್ಕೆ ಹೋಗುವವರೂ ಇದ್ದಾರೆ. ಇಬ್ಬರಿಗೂ ಈ ಇತಿಹಾಸ ಗೊತ್ತಿರುವುದು ಒಳ್ಳೆಯದು.

ನಾಲ್ಕು ದಿನದ ಪ್ರವಾಸ, ಐದು ದಿನದ ಸಂಕಟ

2013ರ ಫೆಬ್ರವರಿ 7ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಬಂದರಿನಿಂದ 'ಕಾರ್ನಿವಲ್ ಟ್ರಯಂಫ್' ಎಂಬ ಕ್ರೂಸ್ ಹಡಗು ಹೊರಟಿತು. ಮೆಕ್ಸಿಕೋದ ಕೊಝುಮೆಲ್ ದ್ವೀಪ ನೋಡಿಕೊಂಡು ನಾಲ್ಕು ದಿನಗಳಲ್ಲಿ ಅದೇ ಬಂದರಿಗೆ ಮರಳುವುದು ಯೋಜನೆ. ಅದರಲ್ಲಿ 3,143 ಪ್ರಯಾಣಿಕರೂ 1,086 ಸಿಬ್ಬಂದಿಯೂ ಇದ್ದರು. ಫೆಬ್ರವರಿ 10ರ ಬೆಳಗಿನ ಜಾವ, ಮರಳುವ ದಾರಿಯಲ್ಲಿ, ಇಂಜಿನ್ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಜನರೇಟರ್ ಒಂದರ ಇಂಧನದ ಪೈಪಿನಲ್ಲಿ ಸೋರಿಕೆಯಾಗಿತ್ತು. ಬೆಂಕಿ ಆರಿತು, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಹಡಗಿನ ಚಾಲನಶಕ್ತಿ ಹೋಯಿತು. ಕರೆಂಟ್ ಬಹುತೇಕ ಹೋಯಿತು. ಶೌಚಾಲಯಗಳು ಕೆಟ್ಟವು. ಒಳಗಿನ ಸೆಕೆ ಮತ್ತು ದುರ್ವಾಸನೆ ತಡೆಯಲಾರದೆ ಜನ ಹಾಸಿಗೆಗಳನ್ನು ಎಳೆದು ತಂದು ಮೇಲಿನ ಡೆಕ್ಕಿನಲ್ಲಿ ಮಲಗಿದರು.

ಆಗ ಹಡಗಿದ್ದದ್ದು ಮೆಕ್ಸಿಕೋದ ಯುಕಟಾನ್ ತೀರದಿಂದ ಸುಮಾರು 240 ಕಿ.ಮೀ. ದೂರದಲ್ಲಿ. ಅದನ್ನು ಎಳೆದು ಮೆಕ್ಸಿಕೋದ ಪ್ರೊಗ್ರೆಸೊ ಬಂದರಿಗೆ ತರುವುದೆಂದು ಮೊದಲು ತೀರ್ಮಾನವಾಯಿತು. 13ರಂದು ಜನ ದಡ ಸೇರುವುದಿತ್ತು. ಎಳೆಯುವ ಹಡಗುಗಳು ಬರುವಷ್ಟರಲ್ಲಿ ಸಮುದ್ರದ ಸೆಳೆತ ಟ್ರಯಂಫನ್ನು ಉತ್ತರಕ್ಕೆ ಬಹಳ ದೂರ ಒಯ್ದಿತ್ತು. ಈಗ ಪ್ರೊಗ್ರೆಸೊ ಎಷ್ಟು ದೂರವೋ ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ಬಂದರೂ ಹೆಚ್ಚುಕಡಿಮೆ ಅಷ್ಟೇ ದೂರ. ಕಂಪೆನಿ ಮೊಬೀಲನ್ನು ಆರಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನಾವು ಗಮನಿಸಬೇಕಾದದ್ದು: ಹಡಗಿನಲ್ಲಿದ್ದ ಸುಮಾರು 900 ಪ್ರಯಾಣಿಕರ ಬಳಿ ಪಾಸ್‌ಪೋರ್ಟ್ ಇರಲಿಲ್ಲ.

14ರಂದು ಎಳೆಯುವ ಹಗ್ಗವೂ ಒಮ್ಮೆ ತುಂಡಾಯಿತು. ಕೊನೆಗೆ ರಾತ್ರಿ ಒಂಬತ್ತರ ಮೇಲೆ ಹಡಗು ಮೊಬೀಲ್ ಸೇರಿತು. ಎಲ್ಲರೂ ಇಳಿದು ಮುಗಿಯುವಾಗ ಮಧ್ಯರಾತ್ರಿ ದಾಟಿತ್ತು. ಅಲ್ಲಿಂದ ಬಸ್ಸು, ವಿಮಾನಗಳಲ್ಲಿ ಅವರನ್ನು ಕಳುಹಿಸಲಾಯಿತು.

900 ಮಂದಿ ಪಾಸ್‌ಪೋರ್ಟ್ ಇಲ್ಲದೆ ಹೊರಟದ್ದು ಹೇಗೆ?

ಅವರು ಕಾನೂನು ಮುರಿದವರಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕ ತನ್ನ ಗಡಿ ನಿಯಮಗಳನ್ನು ಬಿಗಿ ಮಾಡಿತು. 2007ರಿಂದ, ನೆರೆಯ ಮೆಕ್ಸಿಕೋ, ಕೆನಡಾ, ಕೆರಿಬಿಯನ್ ದ್ವೀಪಗಳಿಂದ ವಿಮಾನದಲ್ಲಿ ಮರಳುವ ಅಮೆರಿಕನ್ನರಿಗೂ ಪಾಸ್‌ಪೋರ್ಟ್ ಕಡ್ಡಾಯವಾಯಿತು. 2009ರ ಜೂನ್ 1ರಿಂದ ಭೂಮಿ ಮತ್ತು ಸಮುದ್ರದ ದಾರಿಗೂ ಹೊಸ ನಿಯಮ ಬಂತು. ಆದರೆ ಒಂದು ವಿನಾಯಿತಿ ಉಳಿಸಿದರು. ಅಮೆರಿಕದ ಒಂದು ಬಂದರಿನಿಂದ ಹೊರಟು ಹತ್ತಿರದ ದೇಶಗಳನ್ನು ನೋಡಿ ಅದೇ ಬಂದರಿಗೆ ಮರಳುವ ಕ್ರೂಸ್ ಆದರೆ, ಅಮೆರಿಕನ್ ಪ್ರಜೆಗೆ ಜನನ ಪ್ರಮಾಣಪತ್ರ ಮತ್ತು ಸರಕಾರ ಕೊಟ್ಟ ಫೋಟೋ ಗುರುತುಚೀಟಿ ಸಾಕು.

ಈ ವಿನಾಯಿತಿಯ ಅರ್ಥವನ್ನು ಸ್ವಲ್ಪ ಯೋಚಿಸಿ. ಹೊರಟ ಬಂದರಿಗೇ ಹಡಗು ಮರಳುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಹಡಗು ಸರಿಯಾಗಿರುವ ತನಕ ಆ ಕಾಗದ ಪೂರ್ಣ. ಹಡಗು ಕೆಟ್ಟ ಕ್ಷಣ ಅದು ಅರ್ಧ ದಾರಿಯ ಕಾಗದ. ಪ್ರೊಗ್ರೆಸೊದಲ್ಲಿ ಇಳಿದಿದ್ದರೆ ಜನ ಮನೆಗೆ ಹೋಗಬೇಕಾಗಿದ್ದದ್ದು ವಿಮಾನದಲ್ಲಿ. ವಿಮಾನಕ್ಕೆ ಜನನ ಪ್ರಮಾಣಪತ್ರ ಸಾಲದು. ತುರ್ತಿನಲ್ಲಿ ವಿನಾಯಿತಿ ಕೊಡಲು ಅಧಿಕಾರಿಗಳಿಗೆ ದಾರಿಯಿದೆ, ಹತ್ತಿರದ ಮೆರಿಡಾ ನಗರದಲ್ಲಿ ಅಮೆರಿಕದ ಕಾನ್ಸುಲೇಟೂ ಇದೆ. ಆದರೆ ನಾಲ್ಕು ದಿನ ನಿದ್ದೆಗೆಟ್ಟ 900 ಜನ, ಅವರಲ್ಲಿ ಮಕ್ಕಳು, ವೃದ್ಧರು, ಒಂದು ಪರದೇಶದ ಕಚೇರಿಯ ಮುಂದೆ ಸಾಲು ನಿಲ್ಲುವುದನ್ನು ಊಹಿಸಿಕೊಳ್ಳಿ. ಆ ಸಾಲು ತಪ್ಪಿತು. ಆದರೆ ಪಾಸ್‌ಪೋರ್ಟ್ ಇದ್ದವರೂ ಇಲ್ಲದವರೂ ಎಲ್ಲರೂ 14ರ ರಾತ್ರಿಯ ತನಕ ಆ ಹಡಗಿನಲ್ಲೇ ಇರಬೇಕಾಯಿತು.

ಇನ್ನೆರಡು ಹಡಗುಗಳು

ಇದಕ್ಕೆ ಒಂದು ವರ್ಷ ಮುಂಚೆ, 2012ರಲ್ಲಿ, ಇನ್ನೆರಡು ಕ್ರೂಸ್ ಹಡಗುಗಳಿಗೆ ಆಪತ್ತು ಬಂದಿತ್ತು. ಕಾಗದದ ವಿಷಯದಲ್ಲಿ ಎರಡರ ಕಥೆಯೂ ಬೇರೆ ಬೇರೆ.

ಫೆಬ್ರವರಿ 27ರಂದು 'ಕೋಸ್ಟಾ ಅಲೆಗ್ರಾ' ನಮ್ಮದೇ ಹಿಂದೂ ಮಹಾಸಾಗರದಲ್ಲಿ ಬೆಂಕಿಯಿಂದ ನಿಂತುಹೋಯಿತು. ಸಾವಿರಕ್ಕೂ ಹೆಚ್ಚು ಜನರಿದ್ದ ಆ ಹಡಗನ್ನು ಫ್ರಾನ್ಸಿನ ಒಂದು ಮೀನುಗಾರಿಕಾ ಹಡಗು ಎಳೆದುಕೊಂಡು ಮಾರ್ಚ್ 1ರಂದು ಸೇಶೆಲ್ಸ್ ದೇಶದ ಮಾಹೆ ದ್ವೀಪಕ್ಕೆ ತಲುಪಿಸಿತು. ಮಡಗಾಸ್ಕರದಿಂದ ಹೊರಟಿದ್ದ ಹಡಗು ಹೋಗಬೇಕಾಗಿದ್ದದ್ದೂ ಮಾಹೆಗೇ. ಸೇಶೆಲ್ಸ್ ಮುಂಚಿತ ವೀಸಾ ಕೇಳದ ದೇಶ. ಹಡಗು ಕೆಟ್ಟರೂ ಜನರ ಕೈಯಲ್ಲಿದ್ದ ಕಾಗದ ಮಾತ್ರ ಕೆಡಲಿಲ್ಲ.

ಜನವರಿ 13ರ ರಾತ್ರಿಯ 'ಕೋಸ್ಟಾ ಕಾಂಕೋರ್ಡಿಯಾ' ದುರಂತ ಹಾಗಲ್ಲ. ಇಟಲಿಯ ಜಿಗ್ಲಿಯೊ ದ್ವೀಪದ ಬಳಿ ಬಂಡೆಗೆ ತಾಗಿ ಮಗುಚಿದ ಆ ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು. 32 ಮಂದಿ ಪ್ರಾಣ ಕಳೆದುಕೊಂಡರು. ಬದುಕಿದವರಲ್ಲಿ ಅನೇಕರು ಉಟ್ಟ ಬಟ್ಟೆಯಲ್ಲೇ ದಡ ಸೇರಿದರು. ಹಣ, ಔಷಧ, ಪಾಸ್‌ಪೋರ್ಟ್ ಎಲ್ಲವೂ ಹಡಗಿನಲ್ಲೇ ಉಳಿದವು. ಸಿಬ್ಬಂದಿಯಲ್ಲಿ ಭಾರತೀಯರೇ ಸುಮಾರು 200 ಮಂದಿ ಇದ್ದರು. ಬೇರೆ ಬೇರೆ ದೇಶಗಳ ರಾಯಭಾರ ಕಚೇರಿಗಳು ತಮ್ಮ ತಮ್ಮ ಜನರನ್ನು ಗುರುತಿಸಿ, ತುರ್ತು ಪ್ರಯಾಣ ಪತ್ರ ಕೊಟ್ಟು ಊರಿಗೆ ಕಳುಹಿಸಬೇಕಾಯಿತು. ನಮ್ಮ ಜಮಾಅತಿನ ಆ ತಂದೆ ಹೆದರಿದ್ದು ಇಂಥದ್ದಕ್ಕೇ.

ಹಳೆಯ ಪ್ರಶ್ನೆ

ಯೋಜನೆಯಲ್ಲಿಲ್ಲದ ದಡಕ್ಕೆ ಬಂದು ಬಿದ್ದವನನ್ನು ಏನು ಮಾಡಬೇಕು ಎಂಬುದು ಹೊಸ ಪ್ರಶ್ನೆಯಲ್ಲ. ಹಿಂದಿನ ಕಾಲದಲ್ಲಿ ಪರದೇಶದ ವ್ಯಾಪಾರಿ ಮುಸ್ಲಿಮ್ ನಾಡಿಗೆ ಬರಬೇಕಾದರೆ 'ಅಮಾನ್' ಪಡೆಯಬೇಕಿತ್ತು. ಅದು ಅಭಯದ ಮಾತು, ಅಂದಿನ ವೀಸಾ. ಗಾಳಿಗೆ ಸಿಕ್ಕಿ ಅಥವಾ ಹಡಗು ಒಡೆದು ದಡ ಸೇರಿದವನು "ನಾನು ವ್ಯಾಪಾರಿ, ಅಮಾನ್ ಕೇಳಲು ಸಮಯ ಸಿಗಲಿಲ್ಲ" ಎಂದರೆ ಅವನ ಮಾತನ್ನು ನಂಬಬೇಕೇ ಎಂಬುದನ್ನು ಫಿಕ್ಹ್ ವಿದ್ವಾಂಸರು ಚರ್ಚಿಸಿದ್ದಾರೆ. ಎಲ್ಲರ ಅಭಿಪ್ರಾಯ ಒಂದೇ ಆಗಿರಲಿಲ್ಲ. ಆದರೆ ಆಪತ್ತಿನಿಂದ ಬಂದವನನ್ನೂ ದುರುದ್ದೇಶದಿಂದ ಬಂದವನನ್ನೂ ಬೇರೆ ಮಾಡಿ ನೋಡಬೇಕೆಂಬ ಎಚ್ಚರ ಆ ಚರ್ಚೆಯಲ್ಲಿತ್ತು.

16ನೇ ಶತಮಾನದಲ್ಲಿ ನಮ್ಮ ಕರಾವಳಿಗೂ ಕಾಗದದ ಬಿಸಿ ತಟ್ಟಿತು. ಪೋರ್ಚುಗೀಸರು ಅರಬ್ಬೀ ಸಮುದ್ರದ ಹಡಗುಗಳಿಗೆ 'ಕರ್ತಾಝ್' ಎಂಬ ರಹದಾರಿ ಕಡ್ಡಾಯ ಮಾಡಿದರು. ಭಟ್ಕಳ, ಹೊನ್ನಾವರ, ಬಸ್ರೂರು, ಮಂಗಳೂರಿನ ವ್ಯಾಪಾರಿಗಳೂ ಸೂರತ್ತಿನ ಹಜ್ ಹಡಗುಗಳೂ ಇದರಿಂದ ಹೊರತಲ್ಲ. ಹಡಗು ಯಾರದು, ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಕರ್ತಾಝ್ ಇಲ್ಲದೆಯೋ, ಅದರಲ್ಲಿ ಬರೆದದ್ದಕ್ಕೆ ವಿರುದ್ಧವಾಗಿಯೋ ಸಿಕ್ಕಿಬಿದ್ದ ಹಡಗು ಜಪ್ತಿಯಾಗುವ ಭಯವಿತ್ತು. ಗಾಳಿ ಮಾತ್ರ ಕರ್ತಾಝ್ ಓದಿ ಬೀಸುವುದಿಲ್ಲ.

ಒಬ್ಬೊಬ್ಬ ಪ್ರಯಾಣಿಕನಿಗೂ ಪಾಸ್‌ಪೋರ್ಟ್ ಎಂಬುದು ಸಾಮಾನ್ಯವಾದದ್ದು 1914ರ ಮಹಾಯುದ್ಧದ ನಂತರ. 1920ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಸಭೆ 32 ಪುಟಗಳ ಪುಸ್ತಿಕೆಯ ಮಾದರಿಯನ್ನು ಗೊತ್ತುಮಾಡಿತು. ನಮ್ಮ ದೇಶದ ಈಗಿನ ಪಾಸ್‌ಪೋರ್ಟ್ ಕಾಯ್ದೆ 1967ರದು. ಸಮುದ್ರಯಾನದ ಕಾಗದಗಳ ಗೊಂದಲ ಕಡಿಮೆ ಮಾಡಲು 1965ರಲ್ಲಿ ಲಂಡನ್‌ನಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ರೋಗಿಗಳನ್ನೂ ಸಮುದ್ರದಲ್ಲಿ ರಕ್ಷಿಸಲ್ಪಟ್ಟವರನ್ನೂ ಇಳಿಸಲು ಬರುವ ಹಡಗುಗಳಿಗೆ ಸೌಲಭ್ಯ ಕೊಡಬೇಕೆಂಬ ಮಾತು ಅದರಲ್ಲಿದೆ.

ನಮ್ಮ ಹಿರಿಯರ ಹಜ್ ಪಾಸ್

'ಅರ್ಧ ದಾರಿಯ ಕಾಗದ' ನಮ್ಮ ಮನೆಗಳಲ್ಲೂ ಇತ್ತು. ಮುಂಬಯಿಯಿಂದ ಜಿದ್ದಾಕ್ಕೆ ಹಜ್ ಹಡಗುಗಳು 1995ರ ತನಕ ಹೋಗುತ್ತಿದ್ದವು. ಕರ್ನಾಟಕದ ಯಾತ್ರಿಕರೂ ಮುಂಬಯಿಗೆ ಹೋಗಿ, ಮುಸಾಫಿರ್‌ಖಾನೆಯಲ್ಲಿ ದಿನಗಟ್ಟಲೆ ತಂಗಿ, ಹಡಗು ಹತ್ತುತ್ತಿದ್ದರು. ಅವರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಸಾಮಾನ್ಯ ಪಾಸ್‌ಪೋರ್ಟ್ ಅಲ್ಲ, ಹಜ್ಜಿಗೆಂದೇ ಕೊಡುವ ಪಾಸ್. ಅದು ಸೌದಿ ಅರೇಬಿಯಾಕ್ಕೆ ಮಾತ್ರ, ಆ ಒಂದು ಯಾತ್ರೆಗೆ ಮಾತ್ರ. ನಮ್ಮ ಜಮಾಅತಿನ ಹಿರಿಯ ಹಾಜಿಯೊಬ್ಬರು ಆ ಪಾಸನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಸೊಂಟಕ್ಕೆ ಕಟ್ಟಿಕೊಂಡು, ನಿದ್ದೆಯಲ್ಲೂ ಬಿಚ್ಚಲಿಲ್ಲವಂತೆ. "ಹಡಗು ಬೇರೆ ದೇಶದಲ್ಲಿ ನಿಂತಿದ್ದರೆ?" ಎಂದು ಕೇಳಿದೆ. "ಆ ಯೋಚನೆಯೇ ಬರಲಿಲ್ಲ ಉಸ್ತಾದ್, ಹಡಗು ಜಿದ್ದಾಕ್ಕೆ ತಾನೇ ಹೋಗುವುದು" ಎಂದು ನಕ್ಕರು. ಟ್ರಯಂಫಿನ 900 ಮಂದಿಯೂ ಹೀಗೆಯೇ ಯೋಚಿಸಿರಬೇಕು. 2009ರ ಸುಮಾರಿಗೆ ಸೌದಿ ಸರಕಾರ ಎಲ್ಲರಿಗೂ ಅಂತಾರಾಷ್ಟ್ರೀಯ ಪಾಸ್‌ಪೋರ್ಟ್ ಕಡ್ಡಾಯ ಮಾಡಿದ ಮೇಲೆ ಹಜ್ ಪಾಸ್ ಮರೆಯಾಯಿತು. ಆಗ ಅರ್ಜಿ, ಪರಿಶೀಲನೆ ಎಂದು ನಾವು ಗೊಣಗಿದ್ದೆವು. ಆದರೆ ಆ ಪುಸ್ತಿಕೆ ಯಾವ ದಡದಲ್ಲೂ ಮಾತನಾಡುತ್ತದೆ.

ನಾವು ಮಾಡಬೇಕಾದದ್ದು

ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟದೆ ಬಿಡುವುದಲ್ಲ ಎಂಬುದನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಹಡಗಿನ ಪ್ರಯಾಣದಲ್ಲಿ ಕಟ್ಟುವುದೆಂದರೆ ಇಷ್ಟು:

ಕ್ರೂಸ್ ಪ್ರವಾಸಕ್ಕೆ ಹೋಗುವವರು ವೀಸಾವನ್ನು ಮೊದಲು ನೋಡಿಕೊಳ್ಳಿ. ಒಂದು ದೇಶದಿಂದ ಹಡಗು ಹತ್ತಿ, ಬೇರೆ ದೇಶ ನೋಡಿ, ಅದೇ ದೇಶಕ್ಕೆ ಮರಳುವುದು ಸಾಮಾನ್ಯವಾಗಿ ಎರಡನೆಯ ಪ್ರವೇಶವಾಗುತ್ತದೆ. ಒಂದೇ ಪ್ರವೇಶದ ವೀಸಾ ಅಲ್ಲಿ ಮುಗಿದಿರುತ್ತದೆ. ಹಡಗು ಮುಟ್ಟುವ ಪ್ರತಿ ದೇಶದ ನಿಯಮವನ್ನೂ ಕೇಳಿ ತಿಳಿಯಿರಿ. "ಬೇಕಾಗಿಲ್ಲ" ಎಂಬ ಏಜೆಂಟನ ಮಾತು ಹಡಗು ಸರಿಯಾಗಿ ಮರಳಿದರೆ ಮಾತ್ರ ನಿಜ.

ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟನ್ನು ಹಡಗಿನ ಕಚೇರಿಯಲ್ಲಿ ಇಡುವ ವಾಡಿಕೆ ಅನೇಕ ಕಂಪೆನಿಗಳಲ್ಲಿದೆ. ಅದಕ್ಕೇ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಸಿ.ಡಿ.ಸಿ. ಪುಸ್ತಕ, ಕೆಲಸದ ಕರಾರು ಪತ್ರ ಇವುಗಳ ನಕಲು ಮನೆಯಲ್ಲಿ ಒಂದು, ಮಗನ ಮೊಬೈಲಿನಲ್ಲಿ ಒಂದು ಇರಲಿ. ಪಾಸ್‌ಪೋರ್ಟ್ ಕಳೆದವನಿಗೆ ನಮ್ಮ ರಾಯಭಾರ ಕಚೇರಿ 'ಎಮರ್ಜೆನ್ಸಿ ಸರ್ಟಿಫಿಕೇಟ್' ಕೊಡುತ್ತದೆ. ಅದು ಭಾರತಕ್ಕೆ ಮರಳುವ ಒಂದೇ ಪ್ರಯಾಣಕ್ಕೆ ಸಲ್ಲುವ ಪತ್ರ. ಅವನು ಭಾರತೀಯನೆಂದು ಖಚಿತವಾಗದೆ ಅದು ಸಿಗುವುದಿಲ್ಲ. ಅಲ್ಲಿ ಅವನ ಪರವಾಗಿ ಮಾತನಾಡುವುದು ಆ ನಕಲೇ. ಅಂದು ಆ ತಂದೆಗೆ ಹೇಳದೆ ಉಳಿದಿದ್ದ ಅರ್ಧ ಉತ್ತರ ಇದು.

ಕೊನೆಯದಾಗಿ, ಝಕಾತ್‌ಗೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ 'ಇಬ್ನುಸ್ಸಬೀಲ್' ಒಬ್ಬ. ಊರಿನಲ್ಲಿ ಮನೆ, ಆಸ್ತಿ ಇದ್ದರೂ ದಾರಿಯಲ್ಲಿ ಸಿಕ್ಕಿಹಾಕಿಕೊಂಡವನು. ದಾರಿಯಲ್ಲಿ ಕೈ ಖಾಲಿಯಾದವನ ಕಷ್ಟ ದೊಡ್ಡದೆಂದು ದೀನ್ ಮೊದಲೇ ಗುರುತಿಸಿದೆ. ನಮ್ಮ ಬಂದರಿಗೂ ಒಂದು ದಿನ ಕೆಟ್ಟ ಹಡಗೊಂದು ಬರಬಹುದು. ಅದರಿಂದ ಇಳಿದವನ ಕೈಯಲ್ಲಿ ಕಾಗದ ಇಲ್ಲದಿರಬಹುದು. ಕಾಗದ ಕೇಳುವುದು ಅಧಿಕಾರಿಗಳ ಕೆಲಸ. ನೀರು ಬೇಕೇ, ಊಟವಾಯಿತೇ, ಮನೆಗೆ ಫೋನ್ ಮಾಡಬೇಕೇ ಎಂದು ಕೇಳುವುದು ನಮ್ಮ ಕೆಲಸ.

ಸಮುದ್ರದ ಮೇಲಿರುವ ನಮ್ಮ ಎಲ್ಲ ಮಕ್ಕಳನ್ನೂ ಅಲ್ಲಾಹನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.