ಕೇಪಿನ ಕೋವಿಯೂ ಅಪ್ಪನ ಹೊಸ ಪಿಸ್ತೂಲೂ

2023ರ ನವೆಂಬರ್‌ನಲ್ಲಿ ಒಂದು ರಾತ್ರಿ ಅಪ್ಪ ಫೋನ್ ಮಾಡಿ, "ಮಾರಾಯ, ಇದು ಕಚ್ಕೊಂಡು ಕೂತದೆ. ನೀ ಇಂಜಿನಿಯರ್ ಅಲ್ವಾ, ಬಂದು ನೋಡು" ಅಂದ್ರು. ಪಂಪ್‌ಸೆಟ್ಟೋ, ಕಾಫಿ ಪಲ್ಪರೋ ಇರಬೇಕು ಅಂದ್ಕೊಂಡೆ. ಅಲ್ಲ, ಪಿಸ್ತೂಲು! ಅಪ್ಪ ಪಿಸ್ತೂಲು ತಗೊಂಡಿದ್ದಾರೆ ಅನ್ನೋದೇ ನನಗೆ ಆವತ್ತು ಗೊತ್ತಾಗಿದ್ದು. ಅದಕ್ಕಿಂತ ದೊಡ್ಡ ಸುದ್ದಿ ಆಮೇಲೆ ಅಮ್ಮ ಫೋನ್ ಕಸ್ಕೊಂಡು ಹೇಳಿದ್ದು: "ಅಜ್ಜನ ಕೋವಿ ಕೊಟ್ಟು ಬಂದ್ರು ಕಣೋ".

ನಮ್ಮ ಮನೆ ಇರೋದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗೋ ರಸ್ತೆಯಿಂದ ಸುಮಾರು ಒಳಗೆ. ತೇಜಸ್ವಿಯವರ 'ಪರಿಸರದ ಕತೆ' ಓದಿದವರಿಗೆ ಮೂಡಿಗೆರೆ ಕಡೆಯ ಕೋವಿಗಳ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ತೋಟ ಇದ್ದ ಮನೆಯಲ್ಲಿ ಕೋವಿ ಇದ್ದೇ ಇರ್ತಿತ್ತು, ಕತ್ತಿ ಹಾರೆ ಇದ್ದ ಹಾಗೆ. ನಮ್ಮಲ್ಲಿ ಎರಡಿದ್ವು. ಅಜ್ಜನ ಕೇಪಿನ ಕೋವಿ ಒಂದು, ಅಪ್ಪನ ಒಂಟಿ ನಳಿಗೆಯ ತೋಟೆ ಕೋವಿ ಒಂದು.

ಮೂರನೆಯದು ಯಾಕೆ ಸಾಧ್ಯವಿಲ್ಲ ಅನ್ನೋದಕ್ಕೆ ಒಂದು ಕಾನೂನಿದೆ. 1959ರ ಆಯುಧ ಕಾಯ್ದೆಗೆ 1983ರಲ್ಲಿ ತಿದ್ದುಪಡಿ ತಂದು ಒಬ್ಬರಿಗೆ ಮೂರೇ ಕೋವಿ ಅಂತ ಮಾಡಿದ್ರು. 2019ರ ಡಿಸೆಂಬರ್‌ನಲ್ಲಿ ಮತ್ತೆ ತಿದ್ದಿ ಎರಡಕ್ಕೆ ಇಳಿಸಿದ್ರು. ಅಜ್ಜನಿಂದ ಬಂದಿದ್ದು, ಮುತ್ತಜ್ಜನಿಂದ ಬಂದಿದ್ದು ಅಂದ್ರೂ ಲೆಕ್ಕಕ್ಕೆ ಸೇರುತ್ತೆ. ಹಾಗಾಗಿ ಪಿಸ್ತೂಲು ಒಳಗೆ ಬರಬೇಕಾದ್ರೆ ಒಂದು ಹೊರಗೆ ಹೋಗಲೇಬೇಕಿತ್ತು. (ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯ್ತಿ ಇದೆ, ಅದನ್ನ 2029ರವರೆಗೆ ಮುಂದುವರಿಸಿದ್ದಾರೆ. ನಮ್ಮದು ಮೈಸೂರು ಸೀಮೆ, ನಮಗೆ ಆ ಭಾಗ್ಯ ಇಲ್ಲ :) )

ಅಪ್ಪನ ವಾದ ಇದು. ಶನಿವಾರ ಬಟವಾಡೆಗೆ ದುಡ್ಡು ತರಬೇಕು, ಮನೆಯಲ್ಲಿ ಇಬ್ಬರೇ ಇರ್ತೀವಿ, ಉದ್ದನೆ ಕೋವಿ ಹೆಗಲಿಗೆ ಹಾಕ್ಕೊಂಡು ಬ್ಯಾಂಕಿಗೆ ಹೋಗೋಕಾಗುತ್ತಾ? ಕೇಪಿನ ಕೋವಿಯಿಂದ ಈಡು ಹೊಡೆದು ಎಷ್ಟು ವರ್ಷ ಆಯ್ತು? ಎಲ್ಲ ಸರಿಯೇ. ಆದ್ರೂ ಮುಂದಿನ ವಾರ ಊರಿಗೆ ಹೋದಾಗ ಜಗಲಿ ಗೋಡೆಯಲ್ಲಿ ಬರೀ ಎರಡು ಗೂಟ ನೋಡಿ ನನಗೂ ಏನೋ ಆಯ್ತು. ಅಪ್ಪ ಅದನ್ನ ಗಮನಿಸಿದ್ರು. ಮಾತಾಡಲಿಲ್ಲ.

ಕೇಪಿನ ಕೋವಿ ನೋಡಿರದವರಿಗೆ ಸ್ವಲ್ಪ ಹೇಳ್ತೀನಿ. ಅದಕ್ಕೆ ತಿನ್ನಿಸೋದೇ ಒಂದು ಕೆಲಸ. ನಳಿಗೆ ಬಾಯಿಂದ ಮಸಿ ಸುರೀಬೇಕು, ಮೇಲೆ ತೆಂಗಿನ ನಾರು ತುರುಕಿ ಗಜ ಹಾಕಿ ಜಡೀಬೇಕು, ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂದಿನ ಮೊಲೆಯ ಮೇಲೆ ತಾಮ್ರದ ಪುಟ್ಟ ಕೇಪು ಕೂರಿಸಿ ಕುದುರೆ ಎತ್ತಬೇಕು. ಇಷ್ಟಾಗೋ ಹೊತ್ತಿಗೆ ಹಂದಿ ಪಕ್ಕದ ತೋಟ ದಾಟಿರುತ್ತೆ. ಆದರೆ ಒಂದು ವಿಷಯ, ಅದು ಯಾವತ್ತೂ 'ಕಚ್ಚಿಕೊಳ್ಳೋದಿಲ್ಲ'. ತಿನ್ನಿಸೋನು ನೀನೇ, ತಪ್ಪಾದ್ರೆ ನಿಂದೇ ತಪ್ಪು.

ಈ ಕೇಪಿನ ಹಿಂದೆ ಒಬ್ಬ ಪಾದ್ರಿ ಇದ್ದಾನೆ ಅಂದ್ರೆ ನಂಬ್ತೀರಾ? ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್. ಆಗಿನದ್ದು ಚಕಮಕಿ ಕೋವಿ. ಕಲ್ಲಿನ ಕಿಡಿಯಿಂದ ಮಸಿ ಭಗ್ಗಂತ ಹೊತ್ತಿ, ಆಮೇಲೆ ಈಡು ಹಾರ್ತಿತ್ತು. ನಡುವಿನ ಆ ಒಂದು ಕ್ಷಣದಲ್ಲಿ ಹಕ್ಕಿಗಳು ಬೆಳಕು ಕಂಡು ಹಾರಿ ಹೋಗ್ತಿದ್ವು. ಬಾತುಕೋಳಿ ತಪ್ಪಿಸಿಕೊಳ್ಳೋ ಸಂಕಟಕ್ಕೆ ಪಾದ್ರಿ, ಪೆಟ್ಟು ಬಿದ್ದರೆ ಸಿಡಿಯೋ ಫಲ್ಮಿನೇಟ್ ರಾಸಾಯನಿಕ ಬಳಸಿ 1807ರಲ್ಲಿ ಪೇಟೆಂಟ್ ತಗೊಂಡ. ಕೆಲವೇ ವರ್ಷಗಳಲ್ಲಿ ಅದು ತಾಮ್ರದ ಟೋಪಿಯ ರೂಪಕ್ಕೆ ಬಂತು. ನಮ್ಮ ಮಲೆನಾಡಿನ ಮಳೆಗೆ ಹೇಳಿ ಮಾಡಿಸಿದ್ದು ಅದು. ಜುಲೈ ತಿಂಗಳ ಕಳಸದಲ್ಲಿ ಚಕಮಕಿ ಕಲ್ಲು ಕಿಡಿ ಹಾರಿಸೋದನ್ನ ಊಹಿಸಿಕೊಳ್ಳಿ!

ಬಿಳಿ ದೊರೆಗಳು ಇಲ್ಲಿ ತೋಟ ಮಾಡೋಕೆ ಶುರು ಮಾಡಿದ್ದೂ ಆ ಕೇಪಿನ ಕಾಲದ ಆಸುಪಾಸಿನಲ್ಲೇ. ಮಂಜರಾಬಾದಿನ ಕಡೆ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಬರೆದ ಪುಸ್ತಕದ ಹೆಸರೇ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್'. ಬೇಟೆ ಆದ್ಮೇಲೆ ಕಾಫಿ, ಹೆಸರಲ್ಲೇ ಸಾಲು ನೋಡಿ. ದೊರೆಗಳ ಕೈಗೆ ಹಿಂದಿನಿಂದ ತುಂಬೋ ಕೋವಿ ಬಂದು ಎಷ್ಟೋ ಕಾಲ ಆದಮೇಲೂ ನಮ್ಮವರ ಜಗಲಿಯಲ್ಲಿ ಕೇಪಿನದ್ದೇ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಕಾನೂನಿನ ಮಟ್ಟಿಗೆ ಮುಗೀತು, ಲೈಸೆನ್ಸ್ ಪುಸ್ತಕದಲ್ಲಿ 'ಬೆಳೆ ರಕ್ಷಣೆ' ಉಳೀತು.

ಇರಲಿ, ಪಿಸ್ತೂಲಿಗೆ ಬರೋಣ.

ಅಂಗೈಯಷ್ಟು ಉದ್ದದ್ದು, .32 ಬೋರಿನದ್ದು. ಯಾವ ಕಾರ್ಖಾನೆಯದ್ದು ಅನ್ನೋದು ಬೇಡ. ಅಪ್ಪ ಹೇಳಿದ ರೋಗಲಕ್ಷಣ ಎರಡು. ಒಂದು, ಮ್ಯಾಗಜೀನ್ ತುಂಬಿ ಮೇಲಿನ ಸ್ಲೈಡು ಎಳೆದು ಬಿಟ್ರೆ ಮೊದಲನೇ ತೋಟೆ ಅರ್ಧ ಒಳಗೆ ಹೋಗಿ ನಿಲ್ಲುತ್ತೆ. ಎರಡು, ಕೆಲವೊಮ್ಮೆ ಮ್ಯಾಗಜೀನಿನಲ್ಲೇ ತೋಟೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮೇಲಕ್ಕೇ ಬರಲ್ಲ. ಹೊಸತರಲ್ಲಿ ಹೀಗೇ, ಇನ್ನೂರು ಮುನ್ನೂರು ಗುಂಡು ಹಾರಿಸಿ ಪಳಗಿಸಿ ಅಂತ ಅಮೆರಿಕದವರು ಹೇಳೋದನ್ನ ನಾನೂ ಓದಿದ್ದೆ. ಅಲ್ಲಿ ಪೆಟ್ಟಿಗೆಗಟ್ಟಲೆ ತೋಟೆ ಅಂಗಡಿಯಲ್ಲಿ ಸಿಗುತ್ತೆ. ನಮ್ಮಲ್ಲಿ ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ, ಅದೂ ಲೆಕ್ಕ ಕೊಟ್ಟು. ಅಪ್ಪ ಅಷ್ಟೂ ಗುಂಡು ಹಾರಿಸಿ ಪಳಗಿಸಿದ್ರೆ ಕಾವಲಿಗೆ ಉಳಿಯೋದು ಬರೀ ಪಳಗಿದ ಪಿಸ್ತೂಲು.

ಎರಡನೇ ರೋಗಕ್ಕೆ ಉತ್ತರ ಸಿಕ್ಕಿದ್ದು ಇತಿಹಾಸದಲ್ಲಿ. ಈ .32 ತೋಟೆ 1899ರದ್ದು. ಅಮೆರಿಕದ ಕೋವಿ ಕಮ್ಮಾರನ ಮಗ ಜಾನ್ ಬ್ರೌನಿಂಗ್ ಬೆಲ್ಜಿಯಂನ ಎಫ್.ಎನ್. ಕಾರ್ಖಾನೆಗಾಗಿ ಮಾಡಿಕೊಟ್ಟದ್ದು. ಆಗ ರಿವಾಲ್ವರುಗಳ ಕಾಲ. ರಿವಾಲ್ವರಿನ ತೋಟೆಯ ಬುಡದಲ್ಲಿ ಸುತ್ತ ಅಗಲದ ಅಂಚು ಇರುತ್ತೆ, ತೋಟೆ ತೂತಿನೊಳಗೆ ಪೂರ್ತಿ ಜಾರದಂತೆ ಅದೇ ತಡೆಯೋದು. ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಪೇರಿಸೋಕೆ ಆ ಅಂಚು ಅಡ್ಡಿ. ಬ್ರೌನಿಂಗ್ ಅದನ್ನ ಪೂರ್ತಿ ತೆಗೀಲಿಲ್ಲ, ಕೂದಲೆಳೆಯಷ್ಟು ಉಳಿಸಿಕೊಂಡ. ಅಲ್ಲೇ ಇರೋದು ತೊಂದರೆ. ಮೇಲಿನ ತೋಟೆಯ ಅಂಚು ಕೆಳಗಿನ ತೋಟೆಯ ಅಂಚಿಗಿಂತ ಹಿಂದೆ ಕೂತರೆ ಮುಂದಕ್ಕೆ ಜಾರುವಾಗ ಸಿಕ್ಕಿಕೊಳ್ಳುತ್ತೆ. ಅದೇ ಮನುಷ್ಯ 1908ರಲ್ಲಿ ತಂದ .380 ತೋಟೆಗೆ ಈ ಅಂಚೇ ಇಲ್ಲ.

ಹಾಗಾದ್ರೆ ನಾವ್ಯಾಕೆ ಇನ್ನೂ .32ಕ್ಕೆ ಜೋತು ಬಿದ್ದಿದ್ದೀವಿ? ಸೈನ್ಯ, ಪೊಲೀಸರು ಬಳಸೋ 9 ಎಂಎಂ ನಮ್ಮಲ್ಲಿ ಸಾಮಾನ್ಯರಿಗೆ ನಿಷಿದ್ಧ ಬೋರು. 1980ರ ದಶಕದಿಂದ ವಿದೇಶಿ ಕೋವಿಗಳ ಆಮದಿಗೂ ತಡೆ ಬಿತ್ತು. ಉಳಿದದ್ದು ಬಹುಮಟ್ಟಿಗೆ ಇದೇ. ಹಾಗಂತ .32ನ್ನ ಆಟಿಕೆ ಅನ್ನೋ ಹಾಗಿಲ್ಲ. 1928ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಸಾಂಡರ್ಸ್‌ನ ಮೇಲೆ ಭಗತ್ ಸಿಂಗ್ ಹಾರಿಸಿದ್ದು .32ರ ಕೋಲ್ಟ್. 1931ರ ಫೆಬ್ರವರಿ 27ರಂದು ಅಲಹಾಬಾದಿನ ಪಾರ್ಕಿನಲ್ಲಿ ಚಂದ್ರಶೇಖರ ಆಜಾದ್ ಕೈಯಲ್ಲಿದ್ದದ್ದೂ ಅದೇ ಬೋರಿನ ಕೋಲ್ಟ್, ಅದು ಅಲಹಾಬಾದ್ ಮ್ಯೂಸಿಯಂನಲ್ಲಿದೆ. ಅಪ್ಪನಿಗೆ ಇದನ್ನ ಹೇಳಿದಾಗ ಪಿಸ್ತೂಲನ್ನ ಒಮ್ಮೆ ತಿರುಗಿಸಿ ನೋಡಿ, "ಅವರದ್ದು ಕಚ್ಚಿಕೊಳ್ತಿರಲಿಲ್ವಾ?" ಅಂದ್ರು.

ಉಪಾಯ ಸುಲಭದ್ದೇ. ಕಾರ್ಖಾನೆಯಿಂದ ಬಂದಾಗ ಹಚ್ಚಿದ್ದ ದಪ್ಪ ಗ್ರೀಸು ಹಾಗೇ ಇತ್ತು, ಅದನ್ನ ಒರೆಸಿ ತೆಳ್ಳಗೆ ಎಣ್ಣೆ ಮುಟ್ಟಿಸಿದ್ವಿ. ಮ್ಯಾಗಜೀನ್ ತುಂಬುವಾಗ ಪ್ರತಿ ತೋಟೆಯ ಅಂಚೂ ಕೆಳಗಿನದ್ದಕ್ಕಿಂತ ಮುಂದೆ ಕೂರೋ ಹಾಗೆ ನೋಡಿಕೊಳ್ಳೋದು. ಅಷ್ಟೇ. ಹೆಂಚು ಹೊದಿಸೋ ಹಾಗೆ ಅಂದೆ, ಅಪ್ಪನಿಗೆ ತಕ್ಷಣ ಅರ್ಥವಾಯ್ತು.

ಮೊದಲನೇ ರೋಗ ಮಾತ್ರ ಹೋಗಲಿಲ್ಲ. ಚಿಕ್ಕಮಗಳೂರಿನಲ್ಲಿ ಅಭ್ಯಾಸದ ರೇಂಜಿಗೆ ಹೋದ್ವಿ. ಅಲ್ಲಿ ಕಲಿಸೋರೊಬ್ಬರು ಅಪ್ಪನ ಕೈಯನ್ನೇ ಎರಡು ನಿಮಿಷ ನೋಡಿದ್ರು. "ಸಾರ್, ಮೊದಲು ಯಾವ ಕೋವಿ ಇತ್ತು ನಿಮ್ಮತ್ರ?" ಅಂತ ಕೇಳಿದ್ರು. ಕೇಪಿಂದು ಅಂದ್ರು ಅಪ್ಪ. ಅವರು ನಕ್ಕರು.

ನನಗೆ ಆಗ ಹೊಳೀತು. ಕೇಪಿನ ಕೋವಿಯ ಮೊದಲನೇ ಪಾಠ ಏನು? ಎತ್ತಿದ ಕುದುರೆಯನ್ನ ಇಳಿಸಬೇಕಾದ್ರೆ ಹೆಬ್ಬೆರಳಿಂದ ಗಟ್ಟಿಯಾಗಿ ಹಿಡಿದು, ಮಗು ಮಲಗಿಸೋ ಹಾಗೆ ನಿಧಾನಕ್ಕೆ ಇಳಿಸೋದು. ಕೈ ಜಾರಿದ್ರೆ ಈಡು ಹಾರ್ತು. ಅಜ್ಜ ಅದನ್ನ ಅಪ್ಪನಿಗೆ ಹೊಡೆದು ಕಲಿಸಿದ್ರಂತೆ. ಐವತ್ತು ವರ್ಷದ ಆ ಅಭ್ಯಾಸ ಹೊಸ ಪಿಸ್ತೂಲಿನ ಮೇಲೂ ಕೆಲಸ ಮಾಡ್ತಿತ್ತು. ಸ್ಲೈಡನ್ನ ಪೂರ್ತಿ ಹಿಂದಕ್ಕೆ ಎಳೆದು ಅಪ್ಪ ಬಿಡ್ತಿರಲಿಲ್ಲ, ಬೆರಳಲ್ಲೇ ಹಿಡ್ಕೊಂಡು ಮೆಲ್ಲಗೆ ಮುಂದಕ್ಕೆ ಕಳಿಸ್ತಿದ್ರು. ಇದು ಓಡೋದು ಸ್ಪ್ರಿಂಗಿನ ರಭಸದಿಂದ. ರಭಸ ಇಲ್ಲದಿದ್ರೆ ತೋಟೆ ಅರ್ಧ ದಾರಿಯಲ್ಲೇ ನಿಲ್ಲುತ್ತೆ.

"ಬಿಟ್ಬಿಡಿ ಸಾರ್, ಅದು ಹೋಗ್ಲಿ" ಅಂದ್ರು ಅವರು. ಅಪ್ಪನಿಗೆ ಬಿಡೋಕೆ ಆಗ್ತಿರಲಿಲ್ಲ. ಖಾಲಿ ಪಿಸ್ತೂಲಿನಲ್ಲಿ ಹತ್ತು ಸಲ, ಇಪ್ಪತ್ತು ಸಲ. ಪ್ರತಿ ಸಲವೂ ಕೊನೇ ಗಳಿಗೆಯಲ್ಲಿ ಬೆರಳು ತಾನಾಗೇ ಬಿಗಿಯಾಗ್ತಿತ್ತು. ಹಣೆಯಲ್ಲಿ ಬೆವರು. ಎಡಗೈ ಸ್ವಲ್ಪ ನಡುಗೋದನ್ನೂ ನಾನು ಆವತ್ತೇ ನೋಡಿದ್ದು, ನೋಡದವನ ಹಾಗೆ ಗುರಿ ಹಲಗೆ ಕಡೆ ತಿರುಗಿ ನಿಂತೆ. ಕೊನೆಗೆ ಟಪ್ ಅಂತ ಬಿಟ್ರು. ತೋಟೆ ಹಾಕಿ ಹಾರಿಸಿದ ಎರಡು ಮ್ಯಾಗಜೀನಿನಲ್ಲಿ ಒಂದೂ ಸಿಕ್ಕಿಕೊಳ್ಳಲಿಲ್ಲ. ಗುರಿಗೆ ಎಷ್ಟು ಬಿತ್ತು ಅಂತ ಮಾತ್ರ ಕೇಳಬೇಡಿ :)

ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ್ವಿ. ಅಪ್ಪ ದೋಸೆ ಮುರೀತಾ, "ಅಜ್ಜ ಇದ್ದಿದ್ರೆ ಇವತ್ತು ಬೈತಿದ್ರು" ಅಂದ್ರು. ಕೋವಿ ಕೊಟ್ಟಿದ್ದಕ್ಕೋ, ಬೆರಳು ಬಿಟ್ಟಿದ್ದಕ್ಕೋ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಮಾರ್ಚ್ ಬಂತು, ಲೋಕಸಭಾ ಚುನಾವಣೆ ಘೋಷಣೆ ಆಯ್ತು. 2024ರ ಮಾರ್ಚ್ 16ಕ್ಕೆ ನೀತಿಸಂಹಿತೆ, ನಮ್ಮ ಕಡೆ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಚುನಾವಣೆ ಬಂದ್ರೆ ಕೋವಿಗಳು ಠಾಣೆಗೆ ಹೋಗೋದು ನಮ್ಮಲ್ಲಿ ಮಾಮೂಲು, ಹಲಸಿನ ಹಣ್ಣಿಗೆ ಕಾಡುಪ್ರಾಣಿಗಳು ತೋಟಕ್ಕೆ ಇಳಿಯೋ ಹೊತ್ತಿಗೇ ಇದು ಬರೋದೂ ಮಾಮೂಲು. ಅಪ್ಪ ತೋಟೆ ಕೋವಿಯನ್ನೂ ಪಿಸ್ತೂಲನ್ನೂ ಒಪ್ಪಿಸಿ ರಸೀದಿ ತಂದ್ರು. ಜೂನ್ ಮಳೆಯಲ್ಲಿ ಬಿಡಿಸಿಕೊಂಡು ಬಂದು ಮೊದಲು ಮಾಡಿದ ಕೆಲಸ ಒರೆಸಿ ಎಣ್ಣೆ ಹಾಕಿ, ಖಾಲಿ ಸ್ಲೈಡು ಎಳೆದು ಬಿಟ್ಟು ನೋಡಿದ್ದಂತೆ. ಫೋನಿನಲ್ಲಿ ನನಗೂ ಕೇಳಿಸಿದ್ರು, ಟಪ್.

ಹಾಂ, ಒಂದು ಮರೆತೆ. ಕೋವಿ ಕೊಡುವಾಗ ಅದರ ಗಜ ಅಟ್ಟದ ಮೇಲೇ ಉಳಿದುಹೋಗಿತ್ತಂತೆ. ಅಮ್ಮ ಅದನ್ನ ಇಳಿಸಿಟ್ಕೊಂಡಿದ್ದಾರೆ, ಬಚ್ಚಲಿನ ಪೈಪು ಕಟ್ಟಿದಾಗ ಚುಚ್ಚೋದಕ್ಕೆ.