ಜಾರ್ಜ್ ಫರ್ನಾಂಡಿಸ್: ಗೆಲ್ಲಿಸಿದ್ದು ಪರನಾಡು, ರೈಲು ಬಂದದ್ದು ತವರಿಗೆ

ಬಿಜೂರು: ಕುಂದಾಪುರದಿಂದ ಉತ್ತರಕ್ಕೆ ಹೊರಟ ಕೊಂಕಣ ರೈಲು ಸೇನಾಪುರ ದಾಟಿ ಬೈಂದೂರನ್ನು ಮುಟ್ಟುವ ಮುನ್ನ ಬಿಜೂರಿನ ಪುಟ್ಟ ನಿಲ್ದಾಣವನ್ನು ಹಾದುಹೋಗುತ್ತದೆ. ಹೊಟ್ಟೆಪಾಡಿಗಾಗಿ ಮುಂಬಯಿಯ ಹೋಟೆಲುಗಳನ್ನು ಸೇರಿದ ಈ ಭಾಗದ ಹಲವು ತಲೆಮಾರುಗಳಿಗೆ ಊರಿನ ಹಾದಿಯೆಂದರೆ ದೀರ್ಘ ಬಸ್ ಪ್ರಯಾಣವೇ ಆಗಿತ್ತು. ಆ ಹಾದಿಯನ್ನು ಹಗುರಗೊಳಿಸಿದ ರೈಲು ಮಾರ್ಗದ ಹಿಂದೆ, ಅವರಂತೆಯೇ ಬರಿಗೈಯಲ್ಲಿ ಮುಂಬಯಿಗೆ ಹೋದ ಕರಾವಳಿಯ ಮತ್ತೊಬ್ಬ ವಲಸಿಗನ ಹಠವಿತ್ತು. ಅವರೇ ಜಾರ್ಜ್ ಫರ್ನಾಂಡಿಸ್.

ಸೆಮಿನರಿಯಿಂದ ಚೌಪಾಟಿಗೆ

ಜಾರ್ಜ್ ಮ್ಯಾಥ್ಯೂ ಫರ್ನಾಂಡಿಸ್ ಜನಿಸಿದ್ದು 1930ರ ಜೂನ್ 3ರಂದು, ಮಂಗಳೂರಿನ ಕೊಂಕಣಿ ಕ್ರೈಸ್ತ ಕುಟುಂಬದಲ್ಲಿ. ಆರು ಮಕ್ಕಳಲ್ಲಿ ಹಿರಿಯರು. ಬ್ರಿಟನ್ನಿನ ಐದನೇ ಜಾರ್ಜ್ ದೊರೆ ಹುಟ್ಟಿದ ದಿನವೇ ಹುಟ್ಟಿದ ಮಗನಿಗೆ ತಾಯಿ ಆ ಹೆಸರನ್ನಿಟ್ಟರು. ಪಾದ್ರಿಯಾಗಲೆಂದು 1946ರಲ್ಲಿ ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದರು. ಅಲ್ಲಿ ಗುರುಗಳಿಗೊಂದು ಊಟ, ವಿದ್ಯಾರ್ಥಿಗಳಿಗೊಂದು ಊಟ ಎಂಬ ಭೇದವನ್ನು ಸಹಿಸಲಾಗದೆ ಅವರು ಹೊರನಡೆದರು.

ಮಂಗಳೂರಿನಲ್ಲಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿದ ಬಳಿಕ ಕೆಲಸ ಹುಡುಕಿಕೊಂಡು ಮುಂಬಯಿಗೆ ತೆರಳಿದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಗುವವರೆಗೆ ಚೌಪಾಟಿಯ ಬೆಂಚುಗಳೇ ಅವರಿಗೆ ಹಾಸಿಗೆ. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿ'ಮೆಲ್ಲೊ ಹಾಗೂ ಸಮಾಜವಾದಿ ಚಿಂತಕ ರಾಮಮನೋಹರ ಲೋಹಿಯಾ ಅವರ ಪ್ರಭಾವಕ್ಕೊಳಗಾದ ಜಾರ್ಜ್, ಟ್ಯಾಕ್ಸಿ ಚಾಲಕರ, ಹೋಟೆಲ್ ನೌಕರರ, ಪಾಲಿಕೆ ಕಾರ್ಮಿಕರ ಮುಂದಾಳಾಗಿ ಬೆಳೆದರು. 1961ರಲ್ಲಿ ಮುಂಬಯಿ ನಗರಪಾಲಿಕೆಗೆ ಆಯ್ಕೆಯಾದರು.

ರೈಲ್ವೆ ಸಚಿವರಿಗೆ ಸೋಲು

1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಅವರು ಎದುರಿಸಿದ್ದು ನಗರದ ಕಿರೀಟವಿಲ್ಲದ ರಾಜನೆನಿಸಿದ್ದ, ಆಗಿನ ರೈಲ್ವೆ ಸಚಿವ ಎಸ್.ಕೆ. ಪಾಟೀಲರನ್ನು. ಆ ಗೆಲುವು ದೇಶವನ್ನೇ ಬೆರಗುಗೊಳಿಸಿತು. ಆದರೆ 1971ರಲ್ಲಿ ಅದೇ ಮುಂಬಯಿ ಅವರನ್ನು ಸೋಲಿಸಿತು.

ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿ 1974ರ ಮೇ 8ರಿಂದ ನಡೆದ ರೈಲ್ವೆ ಮುಷ್ಕರಕ್ಕೆ ಕರೆಯಿತ್ತವರು ಅವರೇ. ಸರಕಾರ ಬಲಪ್ರಯೋಗದಿಂದ ಹತ್ತಿಕ್ಕಿದ ಈ ಮುಷ್ಕರ ಮೇ 27ರಂದು ಕೊನೆಗೊಂಡಿತು.

ತುರ್ತು ಪರಿಸ್ಥಿತಿಯಲ್ಲಿ ವೇಷ ಮರೆಸಿಕೊಂಡು ಭೂಗತರಾಗಿದ್ದ ಅವರನ್ನು 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಬಂಧಿಸಿ, ಬರೋಡಾ ಡೈನಮೈಟ್ ಪ್ರಕರಣದಲ್ಲಿ ಆರೋಪಿಯನ್ನಾಗಿಸಲಾಯಿತು. ಇದಕ್ಕೆ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ತಮ್ಮ ಲಾರೆನ್ಸ್ ಪೊಲೀಸರ ಚಿತ್ರಹಿಂಸೆಗೆ ಗುರಿಯಾದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು.

ಅದೇ ವರ್ಷದ ಚುನಾವಣೆಯಲ್ಲಿ ಸೆರೆಮನೆಯಿಂದಲೇ ಸ್ಪರ್ಧಿಸಿದ ಜಾರ್ಜ್ ಅವರನ್ನು ಬಿಹಾರದ ಮುಜಫ್ಫರಪುರ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತು. ಪ್ರಚಾರದಲ್ಲಿ ಜನರೆದುರು ಇದ್ದುದು ಕೋಳ ತೊಟ್ಟ ಕೈಯೆತ್ತಿದ ಅವರ ಚಿತ್ರ.

ಕೊಂಕಣ ರೈಲಿನ ಹಾದಿ

1984ರಲ್ಲಿ ಅವರು ಬೆಂಗಳೂರು ಉತ್ತರದಿಂದ ಸ್ಪರ್ಧಿಸಿ ಕಾಂಗ್ರೆಸ್ಸಿನ ಸಿ.ಕೆ. ಜಾಫರ್ ಷರೀಫ್ ಅವರೆದುರು ಸೋತರು. ಐದು ವರ್ಷಗಳ ಬಳಿಕ ಮತ್ತೆ ಮುಜಫ್ಫರಪುರದಿಂದ ಗೆದ್ದು ವಿ.ಪಿ. ಸಿಂಗ್ ಸಂಪುಟದಲ್ಲಿ ರೈಲ್ವೆ ಸಚಿವರಾದರು. ದಶಕಗಳಿಂದ ಮಾತಿನಲ್ಲೇ ಉಳಿದಿದ್ದ ಕರಾವಳಿ ಮಾರ್ಗಕ್ಕೆ ಪ್ರತ್ಯೇಕ ನಿಗಮದ ದಾರಿ ಕಂಡುಕೊಂಡದ್ದು ಆಗ. ಹಣಕಾಸು ಸಚಿವರಾಗಿದ್ದ ಮಧು ದಂಡವತೆಯವರ ಬೆಂಬಲವೂ ದೊರೆಯಿತು. 1990ರ ಜುಲೈಯಲ್ಲಿ ನಿಗಮ ನೋಂದಣಿಯಾಯಿತು, ಸಾರಥ್ಯ ಇ. ಶ್ರೀಧರನ್ ಅವರದು. ಬಂಡವಾಳದಲ್ಲಿ ಕೇಂದ್ರಕ್ಕೆ ಶೇ. 51, ಮಹಾರಾಷ್ಟ್ರಕ್ಕೆ ಶೇ. 22, ಕರ್ನಾಟಕಕ್ಕೆ ಶೇ. 15, ಗೋವಾ ಮತ್ತು ಕೇರಳಕ್ಕೆ ತಲಾ ಶೇ. 6 ಪಾಲು. ಉಳಿದ ಹಣದ ಬಹುಭಾಗವನ್ನು ಬಾಂಡುಗಳ ಮೂಲಕ ಸಂಗ್ರಹಿಸಲಾಯಿತು.

ಜಾರ್ಜ್ ಸಚಿವರಾಗಿದ್ದುದು ಒಂದು ವರ್ಷಕ್ಕೂ ಕಡಿಮೆ ಅವಧಿ. 1991ರಿಂದ 1995ರವರೆಗೆ ಕಾಮಗಾರಿ ನಡೆದಾಗ ರೈಲ್ವೆ ಸಚಿವರಾಗಿದ್ದವರು ಅವರನ್ನು ಸೋಲಿಸಿದ್ದ ಜಾಫರ್ ಷರೀಫರೇ ಎಂಬುದು ಗಮನಾರ್ಹ. 91 ಸುರಂಗಗಳು, ಹೊನ್ನಾವರದ ಶರಾವತಿಯ ಮೇಲೆ 2 ಕಿ.ಮೀ. ಉದ್ದದ ಸೇತುವೆ ಸಹಿತ ಸುಮಾರು 2,000 ಸೇತುವೆಗಳುಳ್ಳ ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ತೆರೆದುಕೊಂಡಿತು.

ವಿವಾದ ಮತ್ತು ಕೊನೆಯ ದಿನಗಳು

1994ರಲ್ಲಿ ಸಮತಾ ಪಕ್ಷ ಕಟ್ಟಿ ಬಿಜೆಪಿಯೊಂದಿಗೆ ಕೈಜೋಡಿಸಿದ್ದನ್ನು ಹಳೆಯ ಸಮಾಜವಾದಿ ಸಂಗಾತಿಗಳಲ್ಲಿ ಹಲವರು ಒಪ್ಪಲಿಲ್ಲ. ವಾಜಪೇಯಿ ಸರಕಾರದ ರಕ್ಷಣಾ ಸಚಿವರಾಗಿ ಪೋಖರಣ್ ಅಣು ಪರೀಕ್ಷೆ, ಕಾರ್ಗಿಲ್ ಯುದ್ಧಗಳ ಕಾಲದಲ್ಲಿ ಹೊಣೆ ನಿರ್ವಹಿಸಿದರು. ತೆಹಲ್ಕಾ ಪ್ರಕರಣದಲ್ಲಿ 2001ರ ಮಾರ್ಚ್‌ನಲ್ಲಿ ರಾಜೀನಾಮೆಯಿತ್ತು, ಅಕ್ಟೋಬರ್‌ನಲ್ಲಿ ಅದೇ ಹುದ್ದೆಗೆ ಮರಳಿದರು. ಮರೆಗುಳಿ ರೋಗದಿಂದ ದೀರ್ಘಕಾಲ ಬಳಲಿ 2019ರ ಜನವರಿ 29ರಂದು ದಿಲ್ಲಿಯಲ್ಲಿ ನಿಧನರಾದರು. 2020ರಲ್ಲಿ ಮರಣೋತ್ತರ ಪದ್ಮವಿಭೂಷಣ ಘೋಷಣೆಯಾಯಿತು.

ಒಂಬತ್ತು ಬಾರಿ ಲೋಕಸಭೆ ಪ್ರವೇಶಿಸಿದ ಅವರನ್ನು ಆರಿಸಿದ ಕ್ಷೇತ್ರಗಳು ಮೂರು: ದಕ್ಷಿಣ ಮುಂಬಯಿ, ಮುಜಫ್ಫರಪುರ, ನಳಂದಾ. ಕರ್ನಾಟಕದ ಯಾವ ಕ್ಷೇತ್ರವೂ ಆ ಪಟ್ಟಿಯಲ್ಲಿಲ್ಲ. ಆದರೂ ಮುಂಬಯಿಯಿಂದ ಊರಿಗೆ ಮರಳುವ ಬಿಜೂರು, ಬೈಂದೂರಿನ ಜನರನ್ನು ಹೊತ್ತು ತರುವ ಹಳಿ ಅವರು ಹಠ ಹಿಡಿದು ಆರಂಭಿಸಿದ ಕೆಲಸದ ಫಲ.