ಖುಲಾಸೆಯ ಆಚೆಗೆ: ನಿರಪರಾಧಿ ಕೈದಿಗಳ ಪುನರ್ವಸತಿಯ ಚರಿತ್ರೆ

1982ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲಿ ನಾಲ್ಕು ಕೋರಿಕೆಗಳಿದ್ದವು: ಬಿಡುಗಡೆ, ಪುನರ್ವಸತಿ, ಚಿಕಿತ್ಸೆಯ ಖರ್ಚು, ಪರಿಹಾರ. ಅರ್ಜಿದಾರ ಬಿಹಾರದ ರುದುಲ್ ಸಾಹ್. ಮುಜಫರ್‌ಪುರದ ಸೆಷನ್ಸ್ ನ್ಯಾಯಾಲಯ ಅವರನ್ನು 1968ರ ಜೂನ್ 3ರಂದೇ ಖುಲಾಸೆ ಮಾಡಿತ್ತು. ಜೈಲಿನ ಬಾಗಿಲು ತೆರೆದದ್ದು 1982ರ ಅಕ್ಟೋಬರ್ 16ರಂದು. ನಿರಪರಾಧಿಯೆಂದು ತೀರ್ಪಾದ ಮೇಲೂ 14 ವರ್ಷಕ್ಕೂ ಹೆಚ್ಚು ಕಾಲ ಅವರು ಒಳಗಿದ್ದರು. ಅವರಿಗೆ ಬುದ್ಧಿಭ್ರಮಣೆಯಾಗಿತ್ತು ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಅದನ್ನು ನಂಬಲು ತಕ್ಕ ವೈದ್ಯಕೀಯ ಆಧಾರ ನ್ಯಾಯಾಲಯಕ್ಕೆ ಕಾಣಲಿಲ್ಲ.

1983ರ ಆಗಸ್ಟ್ 1ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ, ಬಿಹಾರ ಸರ್ಕಾರ ಅದಾಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ 30,000 ರೂಪಾಯಿ ಕೊಡಿಸಿತು. ಸಂವಿಧಾನದ 32ನೇ ವಿಧಿಯಡಿ ಹಣದ ಪರಿಹಾರಕ್ಕೆ ದಾರಿ ತೆರೆದ ತೀರ್ಪೆಂದು ಕಾನೂನು ಪಠ್ಯಗಳು ಇದನ್ನು ಕೊಂಡಾಡುತ್ತವೆ. ಆ ಮನ್ನಣೆ ನ್ಯಾಯವಾದದ್ದೇ. ಆದರೆ ಅರ್ಜಿಯಲ್ಲಿದ್ದ ಇನ್ನೊಂದು ಕೋರಿಕೆ, ಪುನರ್ವಸತಿ, ಆದೇಶದವರೆಗೆ ಬರಲೇ ಇಲ್ಲ. ಮುಂದಿನ ನಾಲ್ಕು ದಶಕಗಳ ಚರಿತ್ರೆಯನ್ನು ಈ ಲೋಪದಿಂದಲೇ ಓದಬೇಕೆಂಬುದು ಈ ಲೇಖನದ ವಾದ. ಭೀಮ್ ಸಿಂಗ್ (1985) ಪ್ರಕರಣದಲ್ಲಿ 50,000, ನೀಲಾಬತಿ ಬೆಹೆರಾ (1993) ಪ್ರಕರಣದಲ್ಲಿ 1,50,000 ರೂಪಾಯಿ. ಪರಿಹಾರದ ತತ್ವ ಬಲಿಯಿತು, ಮೊತ್ತವೂ ಏರಿತು. ಹೊರಬಂದವರು ಬದುಕುವುದು ಹೇಗೆಂಬ ವಿಚಾರ ಮಾತ್ರ ಬೆಳೆಯಲಿಲ್ಲ.

ಪುನರ್ವಸತಿಯ ಕಲ್ಪನೆಯೇ ನಮ್ಮಲ್ಲಿರಲಿಲ್ಲ ಎನ್ನುವಂತಿಲ್ಲ. 1954ರಲ್ಲೇ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಅನುಪಾಲನಾ (ಬಿಡುಗಡೆಯ ನಂತರದ ಆರೈಕೆಯ) ಕಾರ್ಯಕ್ರಮಗಳ ಬಗ್ಗೆ ಸಮಾಜಶಾಸ್ತ್ರಜ್ಞ ಎಂ.ಎಸ್. ಗೋರೆ ಅವರ ನೇತೃತ್ವದಲ್ಲಿ ಸಲಹಾ ಸಮಿತಿ ನೇಮಿಸಿತ್ತು. 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲೂ ಅನುಪಾಲನೆಗೆ ಪ್ರತ್ಯೇಕ ಅಧ್ಯಾಯವಿದೆ. ಆದರೆ ಈ ಚೌಕಟ್ಟು ಕಟ್ಟಿಕೊಂಡದ್ದು ಶಿಕ್ಷೆ ಮುಗಿಸಿ ಹೋಗುವ ಅಪರಾಧಿಯ ಸುತ್ತ. ಅವನ ಬಿಡುಗಡೆಯ ತಾರೀಖು ಮೊದಲೇ ಗೊತ್ತಿರುತ್ತದೆ, ಸಿದ್ಧತೆಗೆ ಸಮಯವಿರುತ್ತದೆ. ಮೇಲ್ಮನವಿಯಲ್ಲಿ ಗೆದ್ದವನಾದರೋ ಆದೇಶದ ಪ್ರತಿ ಜೈಲು ತಲುಪಿದೊಡನೆ ಹೊರಗೆ ನಿಲ್ಲುತ್ತಾನೆ. ತಪ್ಪು ಮಾಡಿದವನಿಗಾಗಿ ಪ್ರಭುತ್ವ ಇಷ್ಟಾದರೂ ಯೋಚಿಸಿದೆ. ತನ್ನದೇ ತಪ್ಪಿಗೆ ಬಲಿಯಾದವನಿಗಾಗಿ ಅಷ್ಟೂ ಯೋಚಿಸಿಲ್ಲ. ಇದನ್ನು ಬರೀ ಆಡಳಿತದ ಮರೆವೆಂದು ನಾನು ಒಪ್ಪಲಾರೆ.

ಬೇರೆಡೆ ಈ ಹೊಣೆ ಶಾಸನದ ರೂಪ ಪಡೆದಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಜೈಲಿನಲ್ಲೇ ತೀರಿಕೊಂಡ ಟಿಮ್ ಕೋಲ್ ನಿರಪರಾಧಿಯೆಂದು ಡಿಎನ್‌ಎ ಪರೀಕ್ಷೆಯಿಂದ ಸಾಬೀತಾದ ಮೇಲೆ, 2009ರಲ್ಲಿ ಅವರದೇ ಹೆಸರಿನ ಕಾನೂನು ಬಂತು. ಜೈಲಿನಲ್ಲಿ ಕಳೆದ ಪ್ರತಿ ವರ್ಷಕ್ಕೆ 80,000 ಡಾಲರ್ ಅಷ್ಟೇ ಅಲ್ಲದೆ ಓದಿನ ಶುಲ್ಕವೂ ಅದರಲ್ಲಿ ಸೇರಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 14(6)ನೇ ವಿಧಿ ತಪ್ಪು ಶಿಕ್ಷೆಗೆ ಪರಿಹಾರ ಕೊಡಬೇಕೆನ್ನುತ್ತದೆ. ಭಾರತ ಈ ಒಡಂಬಡಿಕೆಗೆ ಸೇರಿದ್ದು 1979ರಲ್ಲಿ. ಆಗಲೇ, ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿಲ್ಲ ಎಂದು ಅದೇ ಒಡಂಬಡಿಕೆಯ 9ನೇ ವಿಧಿಯ ಬಗ್ಗೆ ತಕರಾರು ದಾಖಲಿಸಿತ್ತು.

ಶಾಸನವಿಲ್ಲದ ಕಡೆ ಎಲ್ಲವೂ ಆಯಾ ಪೀಠದ ವಿವೇಚನೆಗೆ ಬಿಟ್ಟದ್ದು. ಅಕ್ಷರಧಾಮ ದೇವಾಲಯದ ಮೇಲಿನ ದಾಳಿಯ ಪ್ರಕರಣದ ಆರೂ ಮಂದಿಯನ್ನು ಸುಪ್ರೀಂ ಕೋರ್ಟ್ 2014ರ ಮೇ 16ರಂದು ಖುಲಾಸೆ ಮಾಡಿತು. ಆದರೆ 2016ರಲ್ಲಿ ಪರಿಹಾರ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಬೇರೊಂದು ಪ್ರಕರಣದಲ್ಲಿ ಖುಲಾಸೆಯಾದವರಲ್ಲಿ ಗುಲ್ಬರ್ಗದವರೊಬ್ಬರು ಇದ್ದರು. 1994ರ ಜನವರಿಯಲ್ಲಿ ಬಂಧಿಸಿದಾಗ ಅವರು ಫಾರ್ಮಸಿ ಓದುತ್ತಿದ್ದ ಹುಡುಗ.

ಅಂಕುಶ್ ಮಾರುತಿ ಶಿಂಧೆ ಪ್ರಕರಣ ಇನ್ನೂ ಕಟುವಾದದ್ದು. ಅಲೆಮಾರಿ ಸಮುದಾಯದ ಆರು ಮಂದಿಯ ಪೈಕಿ ಮೂವರಿಗೆ ಬಾಂಬೆ ಹೈಕೋರ್ಟ್ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಗೆ ಗಲ್ಲು ವಿಧಿಸಿತು. 2019ರ ಮಾರ್ಚ್ 5ರಂದು ಅದೇ ನ್ಯಾಯಾಲಯ ತನ್ನ ತೀರ್ಪನ್ನು ಹಿಂಪಡೆದು ಅವರನ್ನು ಬಿಡುಗಡೆ ಮಾಡಿತು. ಮಹಾರಾಷ್ಟ್ರ ಸರ್ಕಾರ ತಲಾ 5 ಲಕ್ಷ ರೂಪಾಯಿಯನ್ನು ಸೆಷನ್ಸ್ ನ್ಯಾಯಾಲಯದಲ್ಲಿ ಜಮೆ ಮಾಡಬೇಕು, ಅದನ್ನು ಅವರ ಪುನರ್ವಸತಿಗಾಗಿ ಕೊಡಬೇಕು ಎಂದಿತು. ರುದುಲ್ ಸಾಹ್ ಅರ್ಜಿಯಲ್ಲಿ ಉಳಿದುಹೋಗಿದ್ದ ಕೋರಿಕೆ ಇಲ್ಲಿ ಆದೇಶದೊಳಗೆ ಬಂತು. ಆದರೂ ಅದು ಹಣವಾಗಿಯೇ ಬಂತು. ಮನೆ, ಕೆಲಸ, ಚಿಕಿತ್ಸೆಯ ಮಾತಿರಲಿಲ್ಲ.

ಆ ಮಾತನ್ನು ಅದಕ್ಕೆ ಮೊದಲೇ ಎತ್ತಿದ್ದು ಕಾನೂನು ಆಯೋಗ. ದೆಹಲಿ ಹೈಕೋರ್ಟ್ 2017ರ ನವೆಂಬರ್‌ನಲ್ಲಿ ಕೇಳಿಕೊಂಡಂತೆ, ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಅಧ್ಯಕ್ಷತೆಯ ಆಯೋಗ 2018ರ ಆಗಸ್ಟ್‌ನಲ್ಲಿ 277ನೇ ವರದಿ ಕೊಟ್ಟಿತು. ವಿಶೇಷ ನ್ಯಾಯಾಲಯ, ಆಪ್ತಸಮಾಲೋಚನೆ, ಮಾನಸಿಕ ಆರೋಗ್ಯ ಸೇವೆ, ವೃತ್ತಿ ತರಬೇತಿ ಎಲ್ಲವೂ ಅದರ ಶಿಫಾರಸಿನಲ್ಲಿವೆ. ಆದರೆ ಅದು ಮಾನದಂಡವಾಗಿ ಹಿಡಿದದ್ದು ತಪ್ಪು ಶಿಕ್ಷೆಯನ್ನಲ್ಲ, ದುರುದ್ದೇಶದಿಂದಲೋ ಸದ್ಭಾವನೆಯಿಲ್ಲದೆಯೋ ನಡೆಸಿದ ಮೊಕದ್ದಮೆಯನ್ನು. ಸಾಕ್ಷಿಯೊಬ್ಬ ಪ್ರಾಮಾಣಿಕವಾಗಿಯೇ ತಪ್ಪು ಗುರುತಿಸಿದ್ದರಿಂದ ಹತ್ತು ವರ್ಷ ಕಳೆದುಕೊಂಡವನಿಗೆ ಈ ಚೌಕಟ್ಟಿನಲ್ಲಿ ಜಾಗ ಸಿಗುವುದು ಕಷ್ಟ. ಪೊಲೀಸರ ಮನಸ್ಸಿನಲ್ಲೇನಿತ್ತು ಎಂಬುದರ ಮೇಲೆ ಅವನ ಚಿಕಿತ್ಸೆ ಏಕೆ ನಿಲ್ಲಬೇಕು?

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಶಿಫಾರಸುಗಳನ್ನು ಒಳಗೊಳ್ಳಲಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 358ನೇ ಸೆಕ್ಷನ್ 399ನೇ ಸೆಕ್ಷನ್ ಆಗಿ ಮುಂದುವರಿಯಿತು. ಸಕಾರಣವಿಲ್ಲದೆ ಬಂಧನಕ್ಕೊಳಗಾದವನಿಗೆ, ಬಂಧಿಸಲು ಕಾರಣನಾದ ವ್ಯಕ್ತಿಯಿಂದ ಅದು ಕೊಡಿಸಬಲ್ಲ ಗರಿಷ್ಠ ಮೊತ್ತ 1,000 ರೂಪಾಯಿ.

ಶಿಕ್ಷೆಯಾಗುವ ಮೊದಲೇ ಜೈಲಿನಲ್ಲಿ ವರ್ಷಗಳನ್ನು ಕಳೆಯುವವರಿಗೂ ಇದೇ ಪಾಡು. ಹೆಂಡತಿಯನ್ನು ಕೊಂದ ಆರೋಪ ಹೊತ್ತಿದ್ದ ಕೊಡಗಿನ ಕೂಲಿಕಾರನೊಬ್ಬನ ಹೆಂಡತಿ 2025ರಲ್ಲಿ ಜೀವಂತವಾಗಿ ಸಿಕ್ಕಿದಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಒಂದು ಲಕ್ಷವೇ ಏಕೆ, ಐದೋ ಹತ್ತೋ ಏಕಲ್ಲ ಎಂದು ಲೆಕ್ಕ ಹಾಕಲು ಆ ನ್ಯಾಯಾಧೀಶರ ಮುಂದೆ ಯಾವ ಶಾಸನವೂ ಇರಲಿಲ್ಲ.